ಗಾಳಿ ಮಳೆ ತೋರಿಸದೆ ಕತ್ರಿನಾ ಸಾಕ್ಷ್ಯಚಿತ್ರ ಮಾಡಿದ್ದು: ನನ್ನ ಅನುಭವ

ಅಮೆರಿಕದ ನ್ಯೂ ಆರ್ಲಿಯನ್ಸ್ ಬಗ್ಗೆ ಸಾಕ್ಷ್ಯಚಿತ್ರ ಮಾಡ್ತೀನಿ, ಕತ್ರಿನಾ ಚಂಡಮಾರುತದ ಒಂದು ಶಾಟೂ ಇರಲ್ಲ ಎಂದಾಗ ನನ್ನ ಎಡಿಟರ್ ನಕ್ಕುಬಿಟ್ಟರು. "ಮದುವೆ ವಿಡಿಯೋದಲ್ಲಿ ತಾಳಿ ಕಟ್ಟೋದೇ ಇಲ್ಲ ಅಂದಂಗಾಯ್ತು ಸಾರ್" ಎಂದರು. ದುಡ್ಡು ಹಾಕುವವರು ಅದನ್ನೇ ಸ್ವಲ್ಪ ನಯವಾಗಿ ಹೇಳಿದರು. ಈಗ ಚಿತ್ರ ಮುಗಿದಿದೆ, ಮಾರಾಟವೂ ಆಗಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಕಾರಣ ದುಡ್ಡೇ. ಹಳೆಯ ಸುದ್ದಿ ಫೂಟೇಜಿಗೆ ಸೆಕೆಂಡಿಗೆ ಐವತ್ತು, ಅರವತ್ತು ಡಾಲರ್ ಕೇಳಿದರು. ಹತ್ತು ನಿಮಿಷ ಬೇಕೆಂದರೆ ನನ್ನ ಅರ್ಧ ಬಜೆಟ್ ಅಲ್ಲೇ ಖಾಲಿ. ಅದೂ ಅಲ್ಲದೆ, 2005ರ ಆಗಸ್ಟ್ 29ರಂದು ಊರು ಮುಳುಗಿದ್ದು ಬರೀ ಗಾಳಿಯಿಂದಲ್ಲ. 17ನೇ ಸ್ಟ್ರೀಟ್, ಲಂಡನ್ ಅವೆನ್ಯೂ, ಇಂಡಸ್ಟ್ರಿಯಲ್ ಕಾಲುವೆಗಳ ತಡೆಗೋಡೆ ಒಡೆದು, ಊರಿನ ಶೇ. 80ರಷ್ಟು ಭಾಗಕ್ಕೆ ನೀರು ನುಗ್ಗಿತು. ಬಗ್ಗಿದ ಮರ, ಹಾರುವ ಶೀಟು ತೋರಿಸಿದರೆ ಆ ಕಥೆ ಬರುವುದೇ ಇಲ್ಲ.

ಸಂದರ್ಶನ ಗಂಟೆಗಟ್ಟಲೆ ಮಾಡಿದೆ. ಕ್ಯಾಮೆರಾ ಮುಂದೆ ಹೇಳಿ ಹೇಳಿ ಜನರ ಮಾತು ಸವೆದುಹೋಗಿತ್ತು. ಡ್ರೋನ್ ಹಾರಿಸಿದರೆ ಸೈಟ್ ಮಾರುವ ಜಾಹೀರಾತು ಬಂತು. ಆಗಾಗ ತಾನೇ ಒಂದೊಂದು ಚಿತ್ರ ತೆಗೆಯುವ ಟೈಮ್‌ಲ್ಯಾಪ್ಸ್ ಕ್ಯಾಮೆರಾ ಕಂಬಕ್ಕೆ ಕಟ್ಟಿದೆ, ತಿಂಗಳೊಳಗೆ ಯಾರೋ ಬಿಚ್ಚಿಕೊಂಡು ಹೋದರು. ಸಾವಿರ ಡಾಲರ್ ಹತ್ತಿರ ಹೋಯಿತು.

ಕೊನೆಗೆ ಕೈ ಹಿಡಿದದ್ದು 2006ರಿಂದ ಸುಮ್ನೆ ಅಭ್ಯಾಸಕ್ಕೆ ತೆಗೆಯುತ್ತಿದ್ದ ಶಾಟುಗಳು. ಅದೇ ಜಾಗ, ಅದೇ ಎತ್ತರ, ಅದೇ ಫ್ರೇಮ್, ಆದಷ್ಟು ಆಗಸ್ಟಿನಲ್ಲೇ. ಇದರಲ್ಲೇನಿದೆ ಅಂತೀರಾ? ಜಾಗ ಮತ್ತೆ ಸಿಗಬೇಕಲ್ಲ! ಹಳೆಯ ಬಡಾವಣೆಗಳಲ್ಲಿ ಬೀದಿ ಮೂಲೆಯ ಫುಟ್‌ಪಾತಿಗೆ ನೀಲಿ-ಬಿಳಿ ಟೈಲ್ಸ್ ಅಕ್ಷರಗಳಲ್ಲಿ ಬೀದಿಯ ಹೆಸರು ಕೂರಿಸಿದ್ದಾರೆ. ಯಾವ ಅಕ್ಷರದ ಮೇಲೆ ಟ್ರೈಪಾಡಿನ ಯಾವ ಕಾಲು ಎಂದು ಬರೆದಿಟ್ಟುಕೊಂಡೆ. ಜಿಪಿಎಸ್‌ಗಿಂತ ಪಕ್ಕಾ. ಲೋವರ್ ನೈನ್ತ್ ವಾರ್ಡ್ ಎಂಬ ಬಡಾವಣೆಯಲ್ಲಿ ಮನೆ ಹೋಗಿ ಸಿಮೆಂಟ್ ಮೆಟ್ಟಿಲು ಮಾತ್ರ ಉಳಿದ ಕಡೆ ಆ ಮೆಟ್ಟಿಲೇ ಗುರುತು. ಗೋಡೆ ಉಳಿದ ಕಡೆ, ನೀರು ಬಿಟ್ಟುಹೋದ ಕಂದು ಗೆರೆಗೆ ಸಮನಾಗಿ ಲೆನ್ಸ್. ಕೆಲವು ಕಡೆ ಏಣಿ ಹತ್ತಬೇಕಾಯಿತು. ಗೆರೆಗೆ ಬಣ್ಣ ಬಳಿದ ಮೇಲೂ ಎತ್ತರ ಬದಲಿಸಲಿಲ್ಲ.

ಇಡೀ ಚಿತ್ರ ನಿಂತಿರುವುದು ಒಂದು ಬಾಗಿಲ ಮೇಲೆ. ಹುಡುಕಾಟದ ತಂಡಗಳು ಸ್ಪ್ರೇ ಪೇಂಟಿನಲ್ಲಿ ದೊಡ್ಡ ಎಕ್ಸ್ ಎಳೆಯುತ್ತಿದ್ದವು. ಮೇಲೆ ತಾರೀಖು, ಎಡಕ್ಕೆ ತಂಡದ ಗುರುತು, ಬಲಕ್ಕೆ ಒಳಗಿನ ಅಪಾಯ, ಕೆಳಗೆ ಸಿಕ್ಕವರ ಲೆಕ್ಕ, ಬದುಕಿದ್ದರೂ ಸತ್ತಿದ್ದರೂ. ನನ್ನ ಬಾಗಿಲಿನ ಕೆಳಗೆ ಸೊನ್ನೆ. ಮುಂದೆ ಅಂಗಳಕ್ಕೆ ತಾತ್ಕಾಲಿಕ ವಾಸದ ಟ್ರೇಲರ್ ಬಂತು, ಹೋಯಿತು. ಗೋಡೆ ಹಳದಿಯಾಯಿತು, ಕಿಟಕಿ ಹೊಸದಾಯಿತು. ಎಕ್ಸ್ ಮಾತ್ರ ಮನೆಯವರು ಅಳಿಸಲೇ ಇಲ್ಲ. ನಾಲ್ಕು ನಿಮಿಷ, ಒಂದು ಮಾತಿಲ್ಲ. ಪ್ರದರ್ಶನದಲ್ಲಿ ಒಬ್ಬರೂ ಫೋನ್ ತೆಗೆಯಲಿಲ್ಲ, ನಾನು ಹಿಂದೆ ನಿಂತು ನೋಡುತ್ತಿದ್ದೆ.

ಹಳೆಯ ಮಿನಿ ಡಿವಿ ಟೇಪಿನ ದೃಶ್ಯವನ್ನೂ ಈಗಿನ ಸ್ಪಷ್ಟ 4ಕೆ ವಿಡಿಯೋವನ್ನೂ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುವುದೇ ಇಲ್ಲ. ಬಣ್ಣ ಹೇಗೆ ಹೊಂದಿಸಿದೆ ಎಂದು ಹೇಳುವುದಿಲ್ಲ, ಅದು ನನ್ನ ಅನ್ನ.

ನಡುವೆ ಇನ್ನೊಂದು ಹುಚ್ಚು. ಆ ಊರಲ್ಲಿ ಮಳೆನೀರನ್ನೂ ಪಂಪ್ ಮಾಡಿಯೇ ಹೊರಹಾಕಬೇಕು. ಎಂಜಿನಿಯರ್ ಬಾಲ್ಡ್ವಿನ್ ವುಡ್ ನೂರು ವರ್ಷಕ್ಕೂ ಹಿಂದೆ ರೂಪಿಸಿದ ಸ್ಕ್ರೂ ಪಂಪುಗಳನ್ನು ಕತ್ರಿನಾ ನಂತರವೂ ಓಡಿಸುತ್ತಿದ್ದರು. ಪಂಪ್ ಹೌಸ್ ಹೊರಗಿನ ಕಬ್ಬಿಣದ ಕಂಬಿಗೆ, ವಸ್ತುವಿನ ಕಂಪನವನ್ನೇ ಸದ್ದಾಗಿ ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಅಂಟಿಸಿದೆ. ಸಿಕ್ಕ ಗುಂಯ್ ಸದ್ದೇ ಚಿತ್ರದ ಹಿನ್ನೆಲೆ ಸಂಗೀತ. ಆರೇಳು ಸಾವಿರ ಡಾಲರ್ ಉಳಿಯಿತು.

ದುಡ್ಡು ಹಾಕುವವರಿಗೆ ಊರಿನ 'ಚೇತರಿಕೆ'ಯ ಕಥೆ ಬೇಕಿತ್ತು. ಆದರೆ 2000ದ ಗಣತಿಯಲ್ಲಿ 4.85 ಲಕ್ಷ ಜನರಿದ್ದ ಊರು 2020ರಲ್ಲೂ 3.84 ಲಕ್ಷ. ಬಾಗಿಲಿನ ಫ್ರೇಮಿನಲ್ಲಿ ಮನೆ ಏಳುತ್ತದೆ, ಮೆಟ್ಟಿಲಿನ ಫ್ರೇಮಿನಲ್ಲಿ ಹುಲ್ಲು ಮಾತ್ರ ಏಳುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದೆ, ವಿವರಣೆ ಬೇಕಾಗಲಿಲ್ಲ. 2021ರಲ್ಲಿ ಐಡಾ ಚಂಡಮಾರುತ ಅದೇ ಆಗಸ್ಟ್ 29ಕ್ಕೆ ಬಂದಾಗ "ಈಗಾದರೂ ಚಂಡಮಾರುತ ಹಾಕಿ" ಎಂದು ಫೋನ್ ಬಂತು. ಸುಮಾರು 1,450 ಕೋಟಿ ಡಾಲರಿನ ಹೊಸ ತಡೆ ವ್ಯವಸ್ಥೆ ನೀರು ತಡೆಯಿತು, ಇಡೀ ಊರಿಗೆ ಕರೆಂಟ್ ಹೋಯಿತು. ಅದೇ ಬಾಗಿಲು, ಜನರೇಟರ್ ಸದ್ದು. ಅಷ್ಟೇ ಹಾಕಿದೆ.

ಒಟ್ಟು ಖರ್ಚು ಅರವತ್ತು ಸಾವಿರ ಡಾಲರ್ ಆಸುಪಾಸು. ಮುಕ್ಕಾಲು ಪಾಲು ಪ್ರಸಾರದ ಹಕ್ಕಿನಿಂದ ಬಂತು. ಉಳಿದದ್ದು ಕಾಲೇಜು ಪ್ರದರ್ಶನಗಳಿಂದ ಇನ್ನೂರು, ಮುನ್ನೂರು ಎಂದು ಇನ್ನೂ ಬರುತ್ತಿದೆ.