ಕಪ್ಪು ಕಾರಿನ ಸುಳಿಗೆರೆ ತೆಗೆಯುವವರಿಗೆ

ನಮ್ಮ ತೋಟದ ರಸ್ತೆಗಳಲ್ಲಿ ಓಡುವ ಕಪ್ಪು ಕಾರುಗಳ ಮೇಲೆ ಬಿಸಿಲಿಗೆ ಜೇಡರ ಬಲೆಯಂಥ ಗೆರೆ ಕಾಣಲು ಮುಖ್ಯ ಕಾರಣ, ಕೆಮ್ಮಣ್ಣಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸುವುದು. ದಯವಿಟ್ಟು ಮೊದಲು ಅದನ್ನು ನಿಲ್ಲಿಸಿ.

ಗೆರೆಯ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಪಾಲಿಶ್‌ನಿಂದ ಪೂರ್ತಿ ಹೋಗುವುದಿಲ್ಲ, ಹಟ ಮಾಡಬೇಡಿ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ಮಾತ್ರ. ಪ್ರತಿ ಪಾಲಿಶ್‌ಗೂ ಅದು ಸವೆಯುತ್ತದೆ.

ಶಾಂಪೂ ಹಾಕಿ ತೊಳೆದು, ಅಂಟಿದ ಕೊಳೆ ಎತ್ತುವ ಮೆತ್ತನೆಯ ಜೇಡಿಯುಂಡೆ, ಕ್ಲೇ ಬಾರ್ ಉಜ್ಜಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಅಂಟಿದ ಮಣ್ಣೇ ಹೊಸ ಗೆರೆ ಎಳೆಯುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗ, ಬಾನೆಟ್‌ನ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚಿನಲ್ಲಿ ಪೇಂಟ್ ತೆಳು.

ಪಾಲಿಶ್ ಯಂತ್ರ, ಪ್ಯಾಡ್ ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಇರಲಿ. ಕೈ ಪಳಗದವರು ಒಂದೇ ಸಮ ಸುತ್ತುವ ರೋಟರಿ ಯಂತ್ರ ಹಿಡಿದರೆ ಪೇಂಟ್ ಸುಡಬಹುದು, ಕಪ್ಪಿನ ಮೇಲೆ ಹೊಲೊಗ್ರಾಮ್ (ಬಿಸಿಲಿಗೆ ಹೊಳೆಯುವ ಯಂತ್ರದ ಗುರುತು) ಉಳಿಯುತ್ತದೆ. ಮೃದು ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್‌ನಿಂದಲೇ ಶುರುಮಾಡಿ. ಪ್ಯಾಡಿಗೆ ಬಟಾಣಿ ಗಾತ್ರದ 4 ಹನಿ, ಒಂದು ಸಲಕ್ಕೆ ಒಂದೂವರೆ ಅಡಿ ಚೌಕ. ಕಡಿಮೆ ವೇಗದಲ್ಲಿ ಹರಡಿ, ನಂತರ 4ನೇ ವೇಗದಲ್ಲಿ ಪ್ರತಿ ಸಾಲು ಹಿಂದಿನ ಸಾಲಿನ ಅರ್ಧದ ಮೇಲೆ ಬರುವಂತೆ ಅಡ್ಡ, ಉದ್ದ 4 ಸುತ್ತು. ಒತ್ತಬೇಡಿ, ಪ್ಯಾಡ್ ತಿರುಗುವುದೇ ನಿಲ್ಲುತ್ತದೆ. ಎರಡು ಚೌಕಕ್ಕೊಮ್ಮೆ ಬ್ರಷ್‌ನಿಂದ ಪ್ಯಾಡ್ ಕೊಡವಿ.

ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಮ ನೀರು ಬೆರೆಸಿ ಮೈಕ್ರೊಫೈಬರ್‌ನಲ್ಲಿ ಒರೆಸಿ, ಟಾರ್ಚ್ ಹಿಡಿದು ನೋಡಿ. ಪಾಲಿಶಿನ ಎಣ್ಣೆಯಂಶವು ಗೆರೆಯನ್ನು ಮುಚ್ಚಿಟ್ಟಿದ್ದರೆ ಇಲ್ಲೇ ಬಯಲಾಗುತ್ತದೆ. ಉಳಿದಿದ್ದರೆ ಮಾತ್ರ ಮೀಡಿಯಂ ಪ್ಯಾಡ್.

ಕೆಲಸ ಶೆಡ್ಡಿನ ನೆರಳಲ್ಲೇ ಆಗಲಿ. ಜೂನ್ ಮಳೆಗೆ ಮೊದಲೇ ಪೇಂಟ್ ಕಾಯುವ ಲೇಪ, ಸೀಲಂಟ್ ಹಚ್ಚಿದರೆ ಕೆಸರು ಸುಲಭವಾಗಿ ಬಿಡುತ್ತದೆ.