ಕ್ಯಾನ್ಸರ್ ಗೆಡ್ಡೆ ಔಷಧಿಗೆ ಜಗ್ಗದಂತಾಗುವುದನ್ನು ಲೆಕ್ಕದಲ್ಲಿ ಹಿಡಿಯುವುದು ಹೇಗೆ?

ಗೆಡ್ಡೆಯ ಕೋಶಗಳನ್ನು ಎರಡು ಗುಂಪು ಮಾಡಿ: ಔಷಧಿಗೆ ಸಾಯುವ 'ಸ', ಜಗ್ಗದ 'ಪ'. ಗೆಡ್ಡೆ ಬೆಳೆಯಬಹುದಾದ ಗರಿಷ್ಠ ಗಾತ್ರ 1 ಎಂದಿಟ್ಟುಕೊಳ್ಳಿ.

ಸ-ದ ದಿನದ ಬದಲಾವಣೆ = 0.03 × ಸ × (1 − ಸ − ಪ) − 0.06 × ಸ
ಪ-ದ ದಿನದ ಬದಲಾವಣೆ = 0.02 × ಪ × (1 − ಸ − ಪ)

0.03 ಮತ್ತು 0.02 ಬೆಳವಣಿಗೆ ದರಗಳು, (1 − ಸ − ಪ) ಎಂದರೆ ಬೆಳೆಯಲು ಉಳಿದ ಜಾಗ, 0.06 ಎಂಬುದು ಔಷಧಿಯ ಹೊಡೆತ. ಔಷಧಿ ಕೊಡದ ದಿನ ಅದನ್ನು 0 ಮಾಡಿ. ಇವೆಲ್ಲ ಕಲಿಕೆಗಾಗಿ ಆರಿಸಿದ ಅಂಕಿಗಳು, ಯಾವ ರೋಗಿಯವೂ ಅಲ್ಲ. ಆರಂಭಕ್ಕೆ ಸ = 0.7, ಪ = 0.001 ಇಟ್ಟು, ಔಷಧಿ ನಿಲ್ಲಿಸದೆ, ಕಂಪ್ಯೂಟರ್‌ನಲ್ಲಿ 0.1 ದಿನದ ಹೆಜ್ಜೆಯಲ್ಲಿ ಲೆಕ್ಕ ಓಡಿಸಿ. ಹೆಜ್ಜೆ ತೀರಾ ದೊಡ್ಡದಾದರೆ ಕೋಶಗಳ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಎರಡನೇ ಸಮೀಕರಣದಲ್ಲೇ ಇರುವುದು ತಿರುಳು. ಸ 0.7ರಲ್ಲೇ ನಿಂತಿದ್ದರೆ ಪ ದುಪ್ಪಟ್ಟಾಗಲು ಸುಮಾರು 115 ದಿನ ಬೇಕು. ಸ ಪೂರ್ತಿ ಅಳಿದರೆ 35 ದಿನ ಸಾಕು! ಬಿಡುವಿಲ್ಲದ ಪೂರ್ಣ ಡೋಸ್, ಜಾಗಕ್ಕಾಗಿ ಪ-ಗೆ ಸ ಒಡ್ಡುವ ಪೈಪೋಟಿಯನ್ನೇ ತೆಗೆದುಹಾಕುತ್ತದೆ. ಹಾಗಾಗಿ ಇನ್ನೊಮ್ಮೆ ಓಡಿಸುವಾಗ, ಒಟ್ಟು ಗಾತ್ರ ಆರಂಭದ ಅರ್ಧಕ್ಕಿಳಿದಾಗ ಔಷಧಿ ನಿಲ್ಲಿಸಿ, ಮೊದಲಿನ ಮಟ್ಟಕ್ಕೆ ಬಂದಾಗ ಮತ್ತೆ ಶುರುಮಾಡಿ. ಎರಡೂ ಗ್ರಾಫ್‌ಗಳಲ್ಲಿ ಪ-ದ ಗೆರೆಯನ್ನು ಹೋಲಿಸಿ.

ನಿಜವಾದ ಅಳತೆಗಳಿಗೆ ಹೊಂದಿಸುವಾಗ ಜೋಪಾನ. ಸ್ಕ್ಯಾನ್‌ನಲ್ಲಿ ಸಿಗುವುದು ಒಟ್ಟು ಗಾತ್ರವಷ್ಟೇ. ಗೆಡ್ಡೆ ಕುಗ್ಗುತ್ತಿರುವಾಗಿನ ಅಳತೆಗಳು ಮಾತ್ರ ಇದ್ದರೆ, ಪ-ದ ಆರಂಭಿಕ ಪ್ರಮಾಣ ಮತ್ತು ಬೆಳವಣಿಗೆ ದರದ ಹತ್ತಾರು ಜೋಡಿಗಳು ಹೆಚ್ಚುಕಡಿಮೆ ಒಂದೇ ಗೆರೆ ಕೊಡುತ್ತವೆ. ಹೊಂದುವ ಎಲ್ಲ ಜೋಡಿಗಳಿಂದಲೂ ಮುನ್ನೋಟ ತೆಗೆದು, ಅವುಗಳ ಹರವನ್ನೇ ತೋರಿಸಿ.