ಪೈಪಿನ ಡೈಗೆ ಮತ್ತೆ ಹಲ್ಲು ಬಂದದ್ದು

ಫೆಬ್ರವರಿ ಬಂತೆಂದರೆ ಆಲ್ದೂರು ಸುತ್ತಿನ ರೋಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರಿನದೇ ಮಾತು. ಕಾಫಿ ಹೂ ಅರಳಿಸುವ ಹೂಮಳೆಯನ್ನು ನಂಬಿ ಕೂರುವ ಧೈರ್ಯ ಇಲ್ಲದವರು ಕೆರೆಯ ನೀರನ್ನು ಎತ್ತಿ ಹಾರಿಸಲೇಬೇಕು. ಕೆಳಗೆ ಮಲಗುವ ಅಲ್ಯುಮಿನಿಯಂ ಪೈಪುಗಳಿಗೆ ಕೊಕ್ಕೆ ಜೋಡಣೆ ಇರುವುದರಿಂದ ಅವುಗಳದೇನೂ ತಕರಾರಿಲ್ಲ. ಕಾಟ ಕೊಡುವುದು ಸ್ಪ್ರಿಂಕ್ಲರನ್ನು ಹೊತ್ತು ನೆಟ್ಟಗೆ ನಿಲ್ಲುವ ಮುಕ್ಕಾಲು ಇಂಚಿನ ಜಿಐ ಪೈಪುಗಳು, ಅಂದರೆ ರೈಸರುಗಳು. ಜೀಪಿನಿಂದ ಒಮ್ಮೆ ಎಸೆದರೆ ಸಾಕು, ತುದಿಯ ತಿರುಪಿನ ಹಲ್ಲು, ಅಂದರೆ ಥ್ರೆಡ್, ಚಪ್ಪಟೆ.

ಕಳೆದ ಸಲ ಹನ್ನೊಂದು ರೈಸರುಗಳಿಗೆ ಹೊಸದಾಗಿ ಥ್ರೆಡ್ ಹಾಕಬೇಕಾಗಿತ್ತು. ಪೈಪಿಗೆ ಥ್ರೆಡ್ ಕೊರೆಯುವ, ಅಪ್ಪನ ಕಾಲದ ರ‍್ಯಾಚೆಟ್ ಡೈ ಸೆಟ್ಟನ್ನು ಅಟ್ಟದಿಂದ ಇಳಿಸಿದೆ. ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಗೋಣಿಯಷ್ಟು ನೀರು ಕುಡಿಯುವ ವಸ್ತು ಇನ್ನೊಂದಿಲ್ಲ. ಬಿಚ್ಚಿದಾಗ ಕೈಗೆ ಕೆಂಪು ಪುಡಿ ಹತ್ತಿತು. ಹಾಗೆಯೇ ಒಂದು ಪೈಪಿಗೆ ಹಾಕಿ ತಿರುಗಿಸಿದೆ. ಡೈ ಕತ್ತರಿಸಲಿಲ್ಲ, ಪೈಪನ್ನು ಜಗಿಯಿತು.

ಪೇಟೆಯ ಅಂಗಡಿಯೊಂದರಲ್ಲಿ ಹೊಸ ಹಲ್ಲಚ್ಚು (ಡೈಯೊಳಗೆ ಕೂತು ಥ್ರೆಡ್ ಕತ್ತರಿಸುವ ಉಕ್ಕಿನ ತುಂಡುಗಳು) ತಂದೆ. ಅದರಲ್ಲಿ ಹಾಕಿದ ಮೊದಲ ರೈಸರೇ ಸೋರಿತು. ‘ಟೇಪ್ ಜಾಸ್ತಿ ಸುತ್ತಿ’ ಎಂದರು ಅಂಗಡಿಯವರು. ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಇಂಚಿಗೆ 14 ಹಲ್ಲು, ಎರಡರಲ್ಲೂ ಒಂದೇ ಲೆಕ್ಕ. ಆದರೆ ಹಳೆಯದರ ಹಲ್ಲಿನ ಕೋನ 55 ಡಿಗ್ರಿ, ಹೊಸದರದು 60. ನಮ್ಮ ಪೈಪು, ಎಲ್ಬೋ, ಸಾಕೆಟ್‌ಗಳೆಲ್ಲ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55ರ ಕೋನವನ್ನೇ ಇಂದಿಗೂ ಹಿಡಿದುಕೊಂಡಿವೆ. 60 ಅಮೆರಿಕದ ಪದ್ಧತಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡು ಪದ್ಧತಿಗಳ ಎಣಿಕೆಯೂ ಹದಿನಾಲ್ಕೇ ಆದ್ದರಿಂದ ಕಣ್ಣಿಗೆ ಮೋಸ. ಒಂದು ಇಂಚಿನದಾಗಿದ್ದರೆ 11ಕ್ಕೂ ಹನ್ನೊಂದೂವರೆಗೂ ಇರುವ ವ್ಯತ್ಯಾಸ ಎರಡನೆಯ ಸುತ್ತಿಗೇ ಗೊತ್ತಾಗುತ್ತಿತ್ತು. ಹಳೆಯದನ್ನೇ ದಾರಿಗೆ ತರೋಣವೆಂದು ಕುಳಿತೆ.

ನಾಲ್ಕು ಹಲ್ಲಚ್ಚುಗಳ ಮೇಲೂ 1, 2, 3, 4 ಎಂದು ಅಂಕಿ ಕೊರೆದಿರುತ್ತದೆ, ಡೈಯಲ್ಲಿ ಅವು ಕೂರುವ ತೋಡುಗಳ ಮೇಲೂ. ಅದಲು ಬದಲಾದರೆ ಒಂದು ಅಚ್ಚು ಬಿಟ್ಟ ದಾರಿಯನ್ನು ಮುಂದಿನದು ಹಿಡಿಯುವುದಿಲ್ಲ. ಬಿಚ್ಚಿ, ಸೀಮೆಎಣ್ಣೆಯಲ್ಲಿ ಎರಡು ದಿನ ಬಿಟ್ಟು, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿದೆ. ಉಕ್ಕಿನ ಬ್ರಷ್ ಹಲ್ಲಿನ ಅಂಚನ್ನೇ ತಿನ್ನುತ್ತದೆ, ಬೇಡ. ಮೇಲಿನ ಜಿಡ್ಡು, ಅರ್ಧ ತುಕ್ಕು ಹೋಯಿತು. ಹಲ್ಲುಗಳ ಸಂದಿಯಲ್ಲಿ ಮಾತ್ರ ಬೂದುಬಣ್ಣದ ಗಟ್ಟಿ ಗಾರೆಯಂಥದೇನೋ ಉಳಿಯಿತು. ತುಕ್ಕಲ್ಲ, ಸತು! ವರ್ಷಗಟ್ಟಲೆ ಕತ್ತರಿಸಿದ ಜಿಐ ಪೈಪುಗಳ ಲೇಪ ಅಲ್ಲಿ ಮೆತ್ತಿಕೊಂಡು ಕುಳಿತಿತ್ತು. ಡೈ ಜಗಿದದ್ದಕ್ಕೆ ಅರ್ಧ ಕಾರಣ ಅದೇ.

ಸತು ಹುಳಿಗೆ ಬೇಗ ಕರಗುತ್ತದೆ. ಅಮ್ಮ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವುದನ್ನು ನೋಡಿ ಬೆಳೆದವನು ನಾನು, ಆದರೂ ಅಡುಗೆಮನೆಯ ವಿನಿಗರ್ ಬಾಟಲಿಯನ್ನೇ ಎತ್ತಿದೆ. ಮೂರು ಅಚ್ಚುಗಳನ್ನು ಗುಳ್ಳೆ ಏಳುವುದು ನಿಂತ ಕೂಡಲೇ ತೆಗೆದು, ತೊಳೆಯುವ ಸೋಡಾದ ಬಿಸಿನೀರಿನಲ್ಲಿ ಅದ್ದಿದೆ. ಮೂರನೆಯ ಅಂಕಿಯದು ಗಾಜಿನ ಲೋಟದ ತಳದಲ್ಲೇ ಮರೆತುಹೋಗಿ ರಾತ್ರಿಯಿಡೀ ಇತ್ತು. ಗಡಸು ಉಕ್ಕು ಹುಳಿಯಲ್ಲಿ ಹೆಚ್ಚು ಹೊತ್ತಿದ್ದರೆ ಜಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ. ಆಮೇಲೆ ಕೆಲಸಕ್ಕೆ ಹಚ್ಚಿದಾಗ ಅದರ ಒಂದು ಹಲ್ಲು ಟಣ್ಣೆಂದು ಮುಕ್ಕಾಯಿತು. ಕಣ್ಣ ಮುಂದೆಯೇ ಹಾರಿ ಹೋಯಿತು.

ಇನ್ನು ಹರಿತ ಮಾಡುವ ಕೆಲಸ. ಇಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಕಸಿ ಕತ್ತಿ ಮಸೆದ ಅಭ್ಯಾಸ. ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿ. ಹರಿತವಾದ ಅಂಚು ಕಾಣುವುದೇ ಇಲ್ಲ. ಮೊಂಡಾದ ಅಂಚಿನ ಮೇಲೆ ಕೂದಲೆಳೆಯಷ್ಟು ಬೆಳ್ಳಿಗೆರೆ ಮಿನುಗುತ್ತದೆ. ನನ್ನ ಅಚ್ಚುಗಳಲ್ಲಿ ಆ ಗೆರೆ ಇದ್ದದ್ದು ಬಾಯಿಯ ಕಡೆಯ ಮೊದಲ ಎರಡು ಮೂರು ಹಲ್ಲುಗಳಲ್ಲಿ ಮಾತ್ರ. ಕತ್ತರಿಸುವ ದುಡಿಮೆಯೆಲ್ಲ ಅವುಗಳದು, ಹಿಂದಿನವು ದಾರಿ ಹಿಡಿದು ಬರುತ್ತವೆ ಅಷ್ಟೆ. ಸವೆದ ಡೈ ಎಂದು ಗುಜರಿಗೆ ಹಾಕುವ ಹೆಚ್ಚಿನವು ಹೀಗೆ ಎರಡು ಹಲ್ಲು ಮೊಂಡಾದವೇ ಇರಬೇಕೆಂದು ನನ್ನ ಗುಮಾನಿ.

ಹಲ್ಲಿನ ಇಳಿಜಾರುಗಳನ್ನು ಮುಟ್ಟಲೇಬಾರದು, ಮುಟ್ಟಿದರೆ 55ರ ಕೋನ ಕೆಟ್ಟಿತು. ಚೂರು ಜಾರಿ ಹೋಗುವ ಮುಂಭಾಗವನ್ನಷ್ಟೇ ಸಣ್ಣ ಎಣ್ಣೆಕಲ್ಲಿನಿಂದ, ಮೊದಲಿದ್ದ ಓರೆಯಲ್ಲೇ ಉಜ್ಜಬೇಕು. ಗ್ರೈಂಡಿಂಗ್ ಚಕ್ರಕ್ಕೆ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅಂಚು ನೀಲಿಗಟ್ಟಿದರೆ ಹದ ಹೋಯಿತೆಂದೇ ಅರ್ಥ. ನಾಲ್ಕಕ್ಕೂ ಇಪ್ಪತ್ತಿಪ್ಪತ್ತು ಸಲ, ಎಣಿಸಿಯೇ ಎಳೆದೆ. ಒಂದು ಹೆಚ್ಚು ಸವೆದು ಹಿಂದೆ ಬಿದ್ದರೆ ಉಳಿದವುಗಳ ಮೇಲೆ ಭಾರ. ಮೂರನೆಯ ಸುತ್ತಿನ ಎಣಿಕೆಗೆ ಬೆಳ್ಳಿಗೆರೆ ಮಾಯವಾಯಿತು.

ಎಣ್ಣೆ ಹಚ್ಚಲು ಕೊಬ್ಬರಿ ಎಣ್ಣೆಯೇ ಸಾಕೆಂಬುದು ನನ್ನ ಮತ. ಡಿಸೆಂಬರಿನ ಚಳಿಯಲ್ಲಾದರೆ ಬಾಟಲಿಯಲ್ಲೇ ಬೆಣ್ಣೆಯಾಗಿ ಕೂರುತ್ತದೆ, ಬಿಸಿಲಿಗಿಡಬೇಕು. ಪೈಪನ್ನು ವೈಸಿಗೆ ಕಚ್ಚಿಸಿ ತಿರುಗಿಸಿದೆ. ಮೊದಲು ಪುಡಿಪುಡಿಯಾಗಿ ಉದುರುತ್ತಿದ್ದದ್ದು ಈಗ ತೆಂಗಿನ ತುರಿಯ ಹಾಗೆ ಸುರುಳಿಯಾಗಿ ಬಂತು, ಕಿರುಚುತ್ತಿದ್ದ ಸದ್ದು ಸಣ್ಣ ಸರಸರಕ್ಕೆ ಇಳಿಯಿತು. ಮುಕ್ಕಾದ ಹಲ್ಲಿನ ಪಾಲನ್ನು ಅದರ ಹಿಂದಿನದು ಹೊತ್ತುಕೊಂಡಿದೆ; ಆ ಕಡೆ ಬಂದಾಗ ಕೈಗೆ ಸಣ್ಣದೊಂದು ಎಡವು ತಾಗುತ್ತದೆ.

ಸೆಟ್ ಈಗ ಗ್ರೀಸ್ ಮೆತ್ತಿಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿ, ಬಚ್ಚಲಿನ ಹಂಡೆ ಒಲೆಯ ಮೇಲಿನ ಹಲಗೆಯಲ್ಲಿದೆ. ಹತ್ತು ರೈಸರುಗಳು ಈ ವರ್ಷವೂ ಒಣಗಿಯೇ ಇವೆ. ಹೊಸ ಹಲ್ಲಚ್ಚಿನಲ್ಲಿ ಕತ್ತರಿಸಿದ ಹನ್ನೊಂದನೆಯದು, ಎಷ್ಟು ಟೇಪ್ ಸುತ್ತಿದರೂ ಕೆರೆ ಮಗ್ಗುಲಿನ ಮೂಲೆಯಲ್ಲಿ ಹನಿಯುತ್ತಲೇ ಇದೆ.